ಅಡಾಪ್ಟರ್ ತಿರುಗಿಸಿ ಓದಿ: ಮನೆಗೊಂದು ಪುಟ್ಟ ಸ್ಟೀರಿಯೋ ಆಂಪ್ಲಿಫೈಯರ್

ಕೇಳುಗರೆಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ಒಲೆ ಮುಂದೆ ಇರುವವರು, ಲೈನ್ ಮನೆಯ ಜಗಲಿಯಲ್ಲಿ ಕೂತವರು, ತೋಟದಿಂದ ಈಗಷ್ಟೇ ಬಂದು ಕಾಫಿ ಹಿಡಿದವರು, ಒಂದು ಹತ್ತು ನಿಮಿಷ ನನ್ನ ಮಾತು ಕೇಳಿ.

ನಾನು 30 ವರ್ಷದಿಂದ ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು. ಈಗೀಗ ಅಂಗಡಿಗೆ ಬರುವವರು ಕೇಳುವುದು ಒಂದೇ ಪ್ರಶ್ನೆ. "ಅಂಗೈ ಅಗಲದ ಸ್ಟೀರಿಯೋ ಆಂಪ್ಲಿಫೈಯರ್ ಮೂರು ನಾಲ್ಕು ಸಾವಿರಕ್ಕೆ ಸಿಗುತ್ತದಂತಲ್ಲ, ತೆಗೆದುಕೊಳ್ಳಬಹುದಾ?" ತೆಗೆದುಕೊಳ್ಳಿ, ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ದುಡ್ಡು ಕೊಡುವ ಮೊದಲು ಅದರ ಜೊತೆ ಬರುವ ಅಡಾಪ್ಟರನ್ನು ತಿರುಗಿಸಿ, ಅದರ ಮೇಲಿನ ಚೀಟಿ ಓದಿ. ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ 300 ವ್ಯಾಟ್ ಅಂತ ಇರುತ್ತದಲ್ಲ, ಅದನ್ನು ಮರೆತುಬಿಡಿ.

ಇಷ್ಟು ಚಿಕ್ಕದು ಹೇಗೆ ಕೆಲಸ ಮಾಡುತ್ತದೆ ಅಂತ ಅನುಮಾನ ಪಡುವವರು ಇದ್ದಾರೆ. ಹಳೆಯ ಆಂಪ್ಲಿಫೈಯರ್‌ಗಳು ಎಳೆದುಕೊಂಡ ಕರೆಂಟಿನಲ್ಲಿ ಅರ್ಧದಷ್ಟನ್ನು ಬಿಸಿ ಮಾಡಿಯೇ ಕಳೆಯುತ್ತಿದ್ದವು. ಅದಕ್ಕೇ ಅಷ್ಟು ಭಾರದ ಟ್ರಾನ್ಸ್‌ಫಾರ್ಮರ್, ಹಿಂದುಗಡೆ ಅಷ್ಟು ದೊಡ್ಡ ಅಲ್ಯೂಮಿನಿಯಂ ರೆಕ್ಕೆ. ಈಗಿನ ಪುಟ್ಟ ಪೆಟ್ಟಿಗೆಗಳು ಕ್ಲಾಸ್ ಡಿ ಅನ್ನುವ ಜಾತಿ. ಒಳಗಿನ ಚಿಪ್ ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ ಹಾಕಿ ತೆಗೆಯುತ್ತದೆ. ನೂರರಲ್ಲಿ ತೊಂಬತ್ತರಷ್ಟು ಶಕ್ತಿ ಸ್ಪೀಕರಿಗೇ ಹೋಗುತ್ತದೆ. ಬಿಸಿ ಕಡಿಮೆ, ಹಾಗಾಗಿ ಭಾರವೂ ಕಡಿಮೆ. ಇದು ನಿಜಕ್ಕೂ ದೊಡ್ಡ ಕೆಲಸ. ನಾನು ಕಲಿಯುವಾಗ ಇಂಥದ್ದು ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಸರಿ, ಅಡಾಪ್ಟರ್ ವಿಷಯ. ಕಾಫಿ ಹೂವಿಗೆ ನೀರು ಹಾಯಿಸುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಫೆಬ್ರವರಿ ಮಾರ್ಚ್‌ನಲ್ಲಿ ಕೆರೆಯಿಂದ ಪಂಪ್ ಇಟ್ಟು ಸ್ಪ್ರಿಂಕ್ಲರ್ ಬಿಡುತ್ತೀರಿ. ಜೆಟ್ ಎಷ್ಟೇ ದೊಡ್ಡದು ತನ್ನಿ, ಪಂಪಿನಲ್ಲಿ ಪ್ರೆಶರ್ ಇಲ್ಲದಿದ್ದರೆ ನೀರು ಗಿಡದ ಬುಡದಲ್ಲೇ ಬೀಳುತ್ತದೆ, ಅಲ್ವಾ? ಆಂಪ್ಲಿಫೈಯರ್ ಆ ಜೆಟ್ ಇದ್ದ ಹಾಗೆ. ಅಡಾಪ್ಟರ್ ಪಂಪ್. ವೋಲ್ಟ್ ಅನ್ನುವುದು ಪ್ರೆಶರ್, ಆಂಪಿಯರ್ ಅನ್ನುವುದು ಎಷ್ಟು ನೀರು ಅನ್ನುವ ಲೆಕ್ಕ. ಪಂಪ್ ಕೊಡದ್ದನ್ನು ಜೆಟ್ ಎಲ್ಲಿಂದ ತರುತ್ತದೆ?

ಹೋದ ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜಡಿಮಳೆ ತಿಂಗಳಲ್ಲಿ, ನಡೆದದ್ದು ಹೇಳುತ್ತೇನೆ. ಕೊಡಗಿನ ನಾಪೋಕ್ಲು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಬಸ್ಸಿನಲ್ಲಿ ಬಂದಿದ್ದಾರೆ, ಕೈಯಲ್ಲಿ ಎರಡು ಸ್ಪೀಕರ್, ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಕಟ್ಟಿದ್ದಾರೆ. ಕೊಡೆ ಹಿಡಿಯೋಕೆ ಕೈ ಇಲ್ಲ, ತಾವು ಪೂರ್ತಿ ನೆನೆದಿದ್ದಾರೆ. ಸ್ಪೀಕರಿಗೆ ಮಾತ್ರ ಒಂದು ಹನಿ ತಾಗಿಲ್ಲ.

ಅವರ ಮನೆಗೆ ಶೀಟಿನ ಮಾಡು. ಕಕ್ಕಡದ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಹಾಗಾಗಿ ಮೇಷ್ಟ್ರು ವಾಲ್ಯೂಮ್ ಏರಿಸುತ್ತಾರೆ. ಏರಿಸಿದ ಕೂಡಲೇ ವೀಣೆ ಚೆನ್ನಾಗಿಯೇ ಇರುತ್ತದೆ, ಮೃದಂಗದ ಪೆಟ್ಟು ಬಿದ್ದಾಗ ಮಾತ್ರ ಗರ್ರ್ ಅನ್ನುತ್ತದೆ. ಮೊದಲು ಸ್ಪೀಕರ್ ಹರಿದಿದೆ ಅಂದುಕೊಂಡರು. ಯಾವುದೋ ಅಂಗಡಿಯವರು ಕೋನ್ ಬದಲಾಯಿಸಿ ದುಡ್ಡು ತೆಗೆದುಕೊಂಡರು. ಮನೆಗೆ ಬಂದು ಹಾಕಿದರೆ ಮತ್ತೆ ಗರ್ರ್. ಇನ್ಯಾರೋ ವೈರ್ ದಪ್ಪ ಇರಬೇಕು ಅಂದರು. ದಪ್ಪ ವೈರ್ ತಂದರು. ಗರ್ರ್. ಆಂಪ್ಲಿಫೈಯರೇ ಕೆಟ್ಟಿದೆ ಅಂತ ವಾಪಸ್ ಕಳಿಸಿ ಅದೇ ಮಾದರಿಯ ಇನ್ನೊಂದು ತರಿಸಿದರು. ಅದೂ ಗರ್ರ್. ಮೂರು ತಿಂಗಳು ಹೀಗೇ ಹೋಯಿತು. "ನನ್ನ ಕಿವಿಯೇ ಹೋಯಿತೇನೋ ಅಂತ ಡಾಕ್ಟರ ಹತ್ತಿರ ಹೋಗುವವನಿದ್ದೆ" ಅಂದರು. ನನಗೆ ಸಂಕಟವಾಯಿತು.

ನಾನು ಆಂಪ್ಲಿಫೈಯರ್ ಬಿಚ್ಚಲೇ ಇಲ್ಲ. ಅಡಾಪ್ಟರ್ ತಿರುಗಿಸಿದೆ. 12 ವೋಲ್ಟ್, 3 ಆಂಪಿಯರ್. ಗುಣಿಸಿದರೆ 36 ವ್ಯಾಟ್. ಎರಡೂ ಸ್ಪೀಕರಿಗೆ ಸೇರಿ ಒಳಗೆ ಬರುವುದೇ ಅಷ್ಟು. ಡಬ್ಬಿ ಮೇಲೆ 300! ಇನ್ನೊಂದು ಲೆಕ್ಕವನ್ನೂ ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ನೀವೂ ಬರೆದುಕೊಳ್ಳಿ, ಈ ಅಡಾಪ್ಟರಿನ ಪುಟ್ಟ ಪೆಟ್ಟಿಗೆಗಳಿಗೆ ಇದು ಸಾಕು. ವೋಲ್ಟನ್ನು ಅದರಿಂದಲೇ ಗುಣಿಸಿ. 12 ಹನ್ನೆರಡಲಿ 144. ಸ್ಪೀಕರ್ ಹಿಂದೆ ಓಮ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ, ಬರೆದಿರುತ್ತದೆ, ಅವರದ್ದು 8. ಅದರ ಎರಡರಷ್ಟು, ಅಂದರೆ 16ರಿಂದ ಭಾಗಿಸಿ. 9 ಬಂತು. ಒಂದು ಸ್ಪೀಕರಿಗೆ ಹೆಚ್ಚೆಂದರೆ 9 ವ್ಯಾಟ್. ಅದಕ್ಕಿಂತ ಮೇಲೆ ಹೋಗೋಕೆ ನೋಡಿದರೆ ಧ್ವನಿಯ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ. ಆ ಗರ್ರ್ ಅದೇ.

ಪೆಟ್ಟಿಗೆಯ ಹಿಂದೆ 24 ವೋಲ್ಟ್‌ವರೆಗೆ ಹಾಕಬಹುದು ಅಂತ ಅಚ್ಚಾಗಿತ್ತು. ನನ್ನ ಹತ್ತಿರ ಇದ್ದ 24 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಹಾಕಿದೆ. 24 ಇಪ್ಪತ್ತನಾಲ್ಕಲಿ 576, 16ರಿಂದ ಭಾಗಿಸಿದರೆ 36. ಚಿಪ್ಪಿನ ಸೋರಿಕೆ ಕಳೆದರೂ 30ರ ಹತ್ತಿರ ನಿಲ್ಲುತ್ತದೆ. ವೋಲ್ಟ್ ಎರಡರಷ್ಟು, ಶಕ್ತಿ ನಾಲ್ಕರಷ್ಟು! ಅದೇ ವೀಣೆ ಹಾಕಿದೆ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಎಡಗೈ ಎತ್ತಿ ತೊಡೆ ಮೇಲೆ ತಟ್ಟಿ, "ತೊಪ್ಪಿ ಕೇಳುತ್ತಾ ಇದೆ" ಅಂದರು. ತೊಪ್ಪಿ ಅಂದರೆ ಮೃದಂಗದ ಎಡಭಾಗ, ಆ ದಪ್ಪ ನಾದ ಬರುವ ಕಡೆ. ಚಿಕ್ಕಂದಿನಲ್ಲಿ ಎರಡು ವರ್ಷ ಕಲಿತಿದ್ದರಂತೆ. ಮೂರು ತಿಂಗಳಿಂದ ಅವರಿಗೆ ಆ ಕೈಯೇ ಕೇಳಿರಲಿಲ್ಲ. ಅಡಾಪ್ಟರಿಗೆ ಸಾವಿರ ರೂಪಾಯಿಯೂ ಆಗಲಿಲ್ಲ.

ಸಮಯ ಓಡುತ್ತಿದೆ. ಒಂದು ಎಚ್ಚರಿಕೆ. ಸುಮ್ನೆ ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. ಪೆಟ್ಟಿಗೆಯಲ್ಲಿ ಬರೆದ ವೋಲ್ಟಿಗಿಂತ ಜಾಸ್ತಿ ಹಾಕಿದರೆ ಚಿಪ್ ಸುಟ್ಟೇ ಹೋಗುತ್ತದೆ. ಪಿನ್ನಿನ ಪ್ಲಸ್ ಮೈನಸ್ ಕೂಡ ಹೊಂದಬೇಕು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಚಿಪ್ ತಯಾರಕರೇ 50 ವ್ಯಾಟ್ ಅಂತ ಹೇಳುತ್ತಾರಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಟಿಪಿಎ 3116 ಅನ್ನುವ ಚಿಪ್ ತುಂಬಾ ಪೆಟ್ಟಿಗೆಗಳಲ್ಲಿದೆ, ಒಳ್ಳೆಯ ಚಿಪ್. ಆ 50 ವ್ಯಾಟ್ 21 ವೋಲ್ಟಿಗೆ, 4 ಓಮ್ಸ್ ಸ್ಪೀಕರಿಗೆ, ಅದೂ ನೂರಕ್ಕೆ ಹತ್ತರಷ್ಟು ಧ್ವನಿ ಕೆಟ್ಟ ಮೇಲೆ ಅಳೆದದ್ದು. ಮತ್ತೆ ಅದೇ ಮಾತು, ಅಡಾಪ್ಟರ್ ನೋಡಿ. ಅಷ್ಟಕ್ಕೂ ಮನೆಗೆ 300 ವ್ಯಾಟ್ ಯಾಕೆ? ನಡುಮನೆಯಲ್ಲಿ ನೆಮ್ಮದಿಯಾಗಿ ಕೇಳೋಕೆ ಒಂದು ವ್ಯಾಟ್ ಸಾಕು, ಮಿಕ್ಕಿದ್ದು ಮೃದಂಗದ ಪೆಟ್ಟು ಬೀಳುವ ಕ್ಷಣಕ್ಕೆ ಮೀಸಲು.

ಅಂಗಡಿಯಲ್ಲೋ, ಪಾರ್ಸೆಲ್ ಬಂದ ದಿನ ಮನೆಯಲ್ಲೋ ಈ ಪರೀಕ್ಷೆ ಮಾಡಿ. ಹಾಡು ಹಾಕದೆ ಆನ್ ಮಾಡಿ, ಸ್ಪೀಕರಿನ ಚಿಕ್ಕ ಕೋನಿಗೆ ಕಿವಿ ಇಡಿ. ಸ್‌ಸ್ ಅಂತ ಸಣ್ಣಗೆ ಕೇಳಿದರೆ ಪರವಾಗಿಲ್ಲ, ನೀವು ಕೂರುವ ಕುರ್ಚಿಯವರೆಗೂ ಬಂದರೆ ವಾಪಸ್ ಕೊಡಿ. ಆಮೇಲೆ ತೀರಾ ಕಡಿಮೆ ವಾಲ್ಯೂಮಿನಲ್ಲಿ ಹಾಡು ಹಾಕಿ. ದನಿ ಎರಡೂ ಸ್ಪೀಕರಿನ ನಡುವೆ ನಿಲ್ಲಬೇಕು. ಒಂದೇ ಕಡೆಗೆ ಜಾರಿದರೆ ವಾಲ್ಯೂಮ್ ತಿರುಗಣೆ ಕಳಪೆ. ಎರಡು ಆಂಪ್ಲಿಫೈಯರ್ ಹೋಲಿಸುವುದಾದರೆ ಎರಡರ ಜೋರೂ ಒಂದೇ ಇರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಯಾರ ಕಿವಿಗಾದರೂ ಅನಿಸುತ್ತದೆ.

ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಜುಂಯ್ ಅಂತ ಶಬ್ದ ಬಂದರೆ ಗಾಬರಿ ಬೇಡ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಗುಣವೇ ಅದು. ಸೈನ್ ವೇವ್ ಆದರೆ ಸಾಮಾನ್ಯವಾಗಿ ಬರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿ, ದಿನಾ ಒಂದು ಗಂಟೆ ಹಾಡಿಸಿ, ಒಳಗೆ ತೇವ ಕೂರುವುದು ಕಡಿಮೆಯಾಗುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಮಾತ್ರ ಸ್ವಿಚ್ ಆರಿಸಿದರೆ ಸಾಲದು. ಮೋಡ ಕಟ್ಟುವಾಗಲೇ, ಗುಡುಗು ಶುರುವಾಗುವ ಮೊದಲೇ ಅಡಾಪ್ಟರನ್ನು ಗೋಡೆಯಿಂದ ಕಿತ್ತು ಪಕ್ಕಕ್ಕಿಡಿ. ಡಿಶ್ ಟಿವಿಗೆ ಹೋಗುವ ವೈರ್ ಇದ್ದರೆ ಅದನ್ನೂ ಕೀಳಿ. ನಮಸ್ಕಾರ.