ಸಿನಿಮಾ ಕಾಗದಗಳಿಗೊಂದು ನೆಲೆ

ಆದರಣೀಯ ಹಿರಿಯರೇ, ಸ್ನೇಹಿತರೇ,

ಕಳೆದ 46 ವರ್ಷಗಳಲ್ಲಿ ನಾನು ಕೂಡಿಟ್ಟ ಸಿನಿಮಾ ಹಾಡಿನ ಪುಸ್ತಕಗಳು, ಕರಪತ್ರಗಳು, ಸ್ಥಿರಚಿತ್ರಗಳು, ವಾಲ್‌ಪೋಸ್ಟರುಗಳು ಮತ್ತು ಗ್ರಾಮಫೋನ್ ತಟ್ಟೆಗಳು ಇಂದು ಶಿವಮೊಗ್ಗದ ನಮ್ಮ ಮನೆಯ ಎರಡು ಕೋಣೆಗಳನ್ನು ತುಂಬಿವೆ. ನನಗೆ 73 ತುಂಬಿತು. ಮಕ್ಕಳಿಗೆ ಇವುಗಳ ಮೇಲೆ ಅಕ್ಕರೆಯಿದೆ, ಆದರೆ ಅವರ ಮನೆಗಳಲ್ಲಿ ಜಾಗವಿಲ್ಲ. ಹಾಗಾಗಿ ಒಬ್ಬನ ಮನೆಯ ಸೊತ್ತು ಊರಿನ ಸೊತ್ತಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನಾನು ಇನ್ನು ಮುಂದಕ್ಕೆ ಹಾಕುವಂತಿಲ್ಲ.

ಸಿನಿಮಾವೇ ಇರುವಾಗ ಅದರ ಕಾಗದವೇಕೆ ಎಂದು ಕೆಲವರು ಕೇಳುತ್ತಾರೆ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅವರನ್ನು ಆ ಚಿತ್ರದಲ್ಲಿ ಕಾಣಬೇಕೆಂದರೆ ಅಳಿದುಳಿದ ಛಾಯಾಚಿತ್ರಗಳೇ ಗತಿ. ಉಳಿದ ಚಿತ್ರಗಳ ವಿಷಯದಲ್ಲೂ, ಅವು ನಮ್ಮ ಊರಿಗೆ ಹೇಗೆ ಬಂದವು ಎಂಬುದನ್ನು ರೀಲು ಹೇಳುವುದಿಲ್ಲ. ನನ್ನಲ್ಲಿ ಟೆಂಟ್ ಸಿನಿಮಾದ ಒಂದು ಗುಲಾಬಿ ಕರಪತ್ರವಿದೆ. ನೆಲ, ಬೆಂಚು, ಕುರ್ಚಿ ಎಂದು ಮೂರು ದರಗಳನ್ನು ಮುದ್ರಿಸಿದ್ದಾರೆ. ಹಿಂಬದಿಯಲ್ಲಿ ಯಾರೋ ಸೀಸದಕಡ್ಡಿಯಲ್ಲಿ ಅಡಿಕೆ ಸುಲಿದವರ ಹೆಸರು ಮತ್ತು ಕೂಲಿಯ ಲೆಕ್ಕ ಬರೆದಿದ್ದಾರೆ. ಆ ಲೆಕ್ಕದ ಕೊನೆಯ ಸಾಲಿನಲ್ಲಿ ‘ಆಟಕ್ಕೆ’ ಎಂದು ನಾಲ್ಕಾಣೆ ಕಳೆದಿದೆ. ಮಲೆನಾಡಿನ ಕೂಲಿಯ ಮನೆಗೂ ಸಿನಿಮಾಕ್ಕೂ ಇದ್ದ ನಂಟಿಗೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಹಾಳೆ ದೂರದ ನಗರದ ಉಗ್ರಾಣ ಸೇರಿದರೆ ಹಿಂಬದಿಯನ್ನು ತಿರುವಿ ನೋಡುವವರು ಯಾರು? ಕಾಗದಗಳು ಈ ಸೀಮೆಯಲ್ಲೇ ಉಳಿಯಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕಾಗಿ.

ಆದರೆ ಈ ಸೀಮೆಯೇ ಕಾಗದದ ಶತ್ರು ಎಂಬುದೂ ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಗೆದ್ದಲು ಬಾಗಿಲಚೌಕಟ್ಟಿನಿಂದ ಕಪಾಟಿಗೆ ದಾಟುತ್ತದೆ. ಹಾಡಿನ ಪುಸ್ತಕಗಳ ನಡುವಿನ ಕಬ್ಬಿಣದ ಪಿನ್ನು ತುಕ್ಕು ಹಿಡಿದು, ಪಲ್ಲವಿಯ ಮೇಲೆ ಕಂದು ಕಲೆ ಬಿಡುತ್ತದೆ. ತಿಳಿಯದ ಕಾಲದಲ್ಲಿ ನಾನೇ ಹನ್ನೆರಡು ಪೋಸ್ಟರುಗಳಿಗೆ ಲ್ಯಾಮಿನೇಷನ್ ಮಾಡಿಸಿದ್ದೆ. ಅವುಗಳನ್ನು ಹಾಳೆ ಕೆಡದಂತೆ ಬಿಡಿಸಲು ಈಗ ಸಾಧ್ಯವಾಗುತ್ತಿಲ್ಲ, ಆ ನೋವು ನನ್ನಲ್ಲಿ ಉಳಿದಿದೆ. ಕಾಗದಕ್ಕೆ ಬೇಕಾದದ್ದು ಅಮೃತಶಿಲೆಯ ನೆಲವಲ್ಲ. ಏರಿಳಿತವಿಲ್ಲದ ತೇವಾಂಶ, ಆಮ್ಲರಹಿತ ಹಾಳೆಯ ಲಕೋಟೆಗಳು, ಬಿಸಿಲು ಬೀಳದ ಕೋಣೆ, ಮತ್ತು ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡುವ ಸಂಬಳದ ನೌಕರರೊಬ್ಬರು ಇದ್ದರೆ ಸಾಕು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಏಕೆಂದರೆ ಕಟ್ಟಡದ ಮೇಲೆ ಹೆಸರು ಕೆತ್ತಿಸಬಹುದು. ಆ ನೌಕರರ ಸಂಬಳಕ್ಕೆ ಬಡ್ಡಿ ತರುವ ಠೇವಣಿಯನ್ನೇ ನಾವು ಮೊದಲು ಕೂಡಿಸಬೇಕು.

ನನ್ನಲ್ಲಿರುವ ನಾಲ್ಕು ರೀಲುಗಳ ಮಾತು ಬೇರೆ. ಅಸಿಟೇಟ್ ಫಿಲ್ಮು ಕೆಡತೊಡಗಿದಾಗ ವಿನೆಗರಿನ ವಾಸನೆ ಬರುತ್ತದೆ, ಮತ್ತು ಒಂದು ಡಬ್ಬಿಯಿಂದ ಈಗಾಗಲೇ ಆ ವಾಸನೆ ಬರುತ್ತಿದೆ. ಅವು ಹೋಗಬೇಕಾದದ್ದು 1964ರಲ್ಲಿ ಸ್ಥಾಪನೆಯಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಂಥ ಶೀತಲ ಕೋಣೆಗಳಿಗೆ. ತೀರ್ಥಹಳ್ಳಿ ಸೀಮೆಯ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ ಹೊಸದಾಗಿ ಶುದ್ಧೀಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮೂಲ ಸಾಮಗ್ರಿಯನ್ನು ಅಷ್ಟು ವರ್ಷ ಯಾರೋ ಜೋಪಾನ ಮಾಡಿರದಿದ್ದರೆ ಅದು ಆಗುತ್ತಿರಲಿಲ್ಲ.

ಇನ್ನು ಪಟ್ಟಿಯ ವಿಷಯ. ಈ ಸಂಜೆ ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ಹಿಂದೊಮ್ಮೆ ಒಂದು ಸಂಸ್ಥೆಯವರು ಪ್ರದರ್ಶನಕ್ಕೆಂದು ನನ್ನಿಂದ ಸುಮಾರು ಅರವತ್ತು ಸ್ಥಿರಚಿತ್ರಗಳನ್ನು ಒಯ್ದರು. ಮರಳಿ ಬಂದಾಗ ಹಲವುಗಳ ಮೂಲೆಯಲ್ಲಿ ಸೆಲ್ಲೋಟೇಪಿನ ಹಳದಿ ಅಂಟಿತ್ತು, ಕೆಲವು ಬರಲೇ ಇಲ್ಲ. ಯಾವುವು ಬರಲಿಲ್ಲವೆಂದು ಹೇಳಲು ನನ್ನ ಬಳಿ ಲಿಖಿತ ಪಟ್ಟಿಯಿರಲಿಲ್ಲ. ಅಂದಿನಿಂದ ಗ್ರಂಥಾಲಯದವರು ಆಕ್ಸೆಷನ್ ರಿಜಿಸ್ಟರ್ ಎನ್ನುವ ಪುಸ್ತಕವನ್ನು ನಾನೂ ಬರೆಯುತ್ತಿದ್ದೇನೆ: ವಸ್ತು ಯಾವುದು, ಯಾರಿಂದ ಬಂತು, ಯಾವ ಊರಿನದು, ಎಲ್ಲಿ ಹರಿದಿದೆ. ಪಟ್ಟಿಯಿಲ್ಲದ ಸಂಗ್ರಹವನ್ನು ಪಡೆದುಕೊಂಡವರು ಅದನ್ನು ಕಳೆದರೂ ಕಳೆದದ್ದು ಗೊತ್ತಾಗುವುದಿಲ್ಲ. ಸಂಗ್ರಾಹಕ ತೀರಿಕೊಂಡ ಮೇಲೆ ಆ ಪಟ್ಟಿಯನ್ನು ಬರೆಯಲು ಯಾರಿಗೂ ಆಗದು.

ನಮ್ಮ ಜಿಲ್ಲೆಯಲ್ಲೇ ದಾರಿಗಳಿವೆ. ಕೆಳದಿಯಲ್ಲಿ ಗುಂಡಾ ಜೋಯಿಸರು ಬದುಕಿಡೀ ಕೂಡಿಸಿದ ಓಲೆಗರಿ, ಕಡತಗಳ ಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ಸಂಗ್ರಹಾಲಯವಾಗಿಸಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಹಳ್ಳಿಯ ಜನರಿಗೆ ಜಗತ್ತಿನ ಸಿನಿಮಾ ತೋರಿಸಿತು. ಇವುಗಳಲ್ಲಿ ಕೆಳದಿಯ ಮಾದರಿಯನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಸಂಶೋಧಕರು ಬಂದುಹೋಗುವ ಕಡೆ ವಸ್ತುವಿಗೆ ಕೇಳುವವರಿರುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬೆಳಕಿಗೆ ಒಡ್ಡಿದ ಪೋಸ್ಟರು ಬಣ್ಣ ಕಳೆದುಕೊಳ್ಳುತ್ತದೆ; ಪ್ರದರ್ಶನಕ್ಕೆ ನಕಲು ಸಾಕು.

ಆದ್ದರಿಂದ ದಾನಪತ್ರದಲ್ಲಿ ಸಂಗ್ರಹವನ್ನು ಒಡೆಯಬಾರದು, ಮಾರಬಾರದು, ಕೇಳಿಬಂದ ಓದುಗರಿಗೆ ಬಾಗಿಲು ಮುಚ್ಚಬಾರದು, ಮತ್ತು ಪಡೆದ ಸಂಸ್ಥೆ ಮುಚ್ಚಿಹೋದರೆ ಅದು ಯಾರಿಗೆ ಸೇರಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಸುತ್ತಿದ್ದೇನೆ. ಛಾಯಾಚಿತ್ರದ ಹಾಳೆ ನನ್ನದಾದರೂ ಅದರ ಹಕ್ಕುಸ್ವಾಮ್ಯ ಪ್ರಕಟಣೆಯಾದ ಮೇಲೆ 60 ವರ್ಷ ಬೇರೆಯವರದಿರಬಹುದು. ಅದನ್ನೂ ಪತ್ರದಲ್ಲಿ ಕಾಣಿಸಿದ್ದೇನೆ.

ರಿಜಿಸ್ಟರಿನಲ್ಲಿ ಈಗ 2,140 ನಮೂದುಗಳಾಗಿವೆ. ಹೆಸರು ತಿಳಿಯದ ಸ್ಥಿರಚಿತ್ರಗಳ ಎರಡು ಕಟ್ಟುಗಳು ಹಾಗೇ ಉಳಿದಿವೆ: ಟೆಂಟಿನ ಮುಂದೆ ನಿಂತ ಗೇಟ್‌ಕೀಪರ್, ಎತ್ತಿನಗಾಡಿಗೆ ಕಟ್ಟಿದ ಪೋಸ್ಟರಿನ ಪಕ್ಕದ ಹುಡುಗರು, ಪ್ರೊಜೆಕ್ಟರಿನ ಬಳಿಯ ಆಪರೇಟರ್. ಇಲ್ಲಿರುವ ಹಿರಿಯರಲ್ಲಿ ಯಾರಾದರೂ ಅವರನ್ನು ಗುರುತಿಸಬಹುದು. ಆ ಎರಡೂ ಕಟ್ಟುಗಳನ್ನು ಇಂದು ತಂದು ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಸೀಸದಕಡ್ಡಿಯೂ ಖಾಲಿ ಚೀಟಿಗಳೂ ಇವೆ. ದಯವಿಟ್ಟು ಚಿತ್ರದ ಮೇಲೆ ಬರೆಯದೆ, ಚೀಟಿಯಲ್ಲಿ ಬರೆಯಿರಿ.