ಫ್ಯಾನ್ ವಿಮಾನವೆಂದು ಮೂಗು ಮುರಿಯುವವರಿಗೆ

ನಮಸ್ಕಾರ. ಕಳೆದ ಸಂಚಿಕೆಗೆ ಗದಗಿನ ಕೇಳುಗರೊಬ್ಬರು ಬರೆದ ಎರಡು ಸಾಲು ವಾರವಿಡೀ ನನ್ನ ತಲೆ ಕೊರೆಯುತ್ತಿದೆ. "ಹುಬ್ಬಳ್ಳಿಗೆ ಇನ್ನೂ ಫ್ಯಾನ್ ವಿಮಾನವನ್ನೇ ಕಳಿಸುತ್ತಾರೆ. ಉತ್ತರ ಕರ್ನಾಟಕದವರು ಇವರಿಗೆ ಲೆಕ್ಕಕ್ಕೇ ಇಲ್ಲ." ಅದರ ಕೆಳಗೆ ಹೌದು ಹೌದು ಎಂದವರ ಸಾಲು ಮುಗಿಯುವುದೇ ಇಲ್ಲ. ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದನ್ನು ತಪ್ಪು ಬಾಗಿಲಿಗೆ ಹೋಗಿ ಬಡಿದಿದ್ದೀರಿ. ವಿಮಾನ ಸಣ್ಣದಾದದ್ದು ನಮ್ಮ ಕಷ್ಟವಲ್ಲ, ಟಿಕೆಟ್ ದರ ದೊಡ್ಡದಾದದ್ದು ನಮ್ಮ ಕಷ್ಟ.

ಮೊದಲು ಆ ಫ್ಯಾನಿನ ವಿಷಯ ಮುಗಿಸುತ್ತೇನೆ. ನೀವು ಹೇಳುತ್ತಿರುವುದು ಎಟಿಆರ್ ವಿಮಾನದ ಬಗ್ಗೆ. ಫ್ರಾನ್ಸ್ ಮತ್ತು ಇಟಲಿ ಸೇರಿ ಕಟ್ಟಿದ ಕಂಪನಿ ಅದು, 1981ರದ್ದು. ಹೊರಗೆ ತಿರುಗುವ ಫ್ಯಾನನ್ನು ನೋಡಿ ಹಳೆಯ ಕಾಲದ್ದು ಎಂದುಕೊಳ್ಳುತ್ತೀರಿ. ಆದರೆ ಒಳಗಿರುವುದು ಜೆಟ್ ಎಂಜಿನಿನಲ್ಲಿ ಇರುವಂಥದ್ದೇ ಟರ್ಬೈನ್. ಅದರ ಶಕ್ತಿ ಹೊರಗಿನ ಫ್ಯಾನನ್ನು ತಿರುಗಿಸುತ್ತದೆ, ಅಷ್ಟೇ ವ್ಯತ್ಯಾಸ. ಬೆಂಗಳೂರು–ಹುಬ್ಬಳ್ಳಿಯಂಥ ಗಿಡ್ಡ ದಾರಿಗೆ ಜೆಟ್‌ಗಿಂತ ಬಹಳ ಕಡಿಮೆ ಇಂಧನ ಸಾಕು. ಜೆಟ್ ಆಗಿದ್ದರೆ ಬೇಗ ಮುಟ್ಟುತ್ತಿದ್ದೆ ಎನ್ನುತ್ತೀರಾ? ಉಳಿಯುವುದು ಹತ್ತೋ ಹದಿನೈದೋ ನಿಮಿಷ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಹೋಗುವಾಗ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅದನ್ನು ಬಡ್ಡಿ ಸಮೇತ ಕಳೆದುಕೊಳ್ಳುತ್ತೀರಿ.

ಇನ್ನೊಂದು ಮಾತು. ಎಟಿಆರ್‌ನಲ್ಲಿ ನಡುವಿನ ಸೀಟು ಎಂಬುದೇ ಇಲ್ಲ. ಆ ಕಡೆ ಎರಡು, ಈ ಕಡೆ ಎರಡು. ದೊಡ್ಡ ಏರ್‌ಬಸ್ ಎ320ರಲ್ಲಿ ಮೂರು ಮೂರು. ಇಬ್ಬರ ನಡುವೆ ಮೊಣಕೈ ಮುದುರಿಕೊಂಡು ಕೂರುವುದೇ ನಿಮಗೆ ಗೌರವವೇ?

ನನ್ನ ತಾಯಿ ಮೊದಲ ಸಲ ವಿಮಾನ ಹತ್ತಿದ್ದು ಇದನ್ನೇ. ಎಟಿಆರ್‌ನ ರೆಕ್ಕೆ ಮೇಲ್ಗಡೆ ಇರುತ್ತದೆ, ಹಾಗಾಗಿ ಕಿಟಕಿಗೆ ಏನೂ ಅಡ್ಡ ಬರುವುದಿಲ್ಲ. ಹುಬ್ಬಳ್ಳಿ ಹತ್ತಿರವಾದಂತೆ ಹೊಟ್ಟೆಯೊಳಗಿಂದ ಚಕ್ರ ಇಳಿದು ನಿಂತದ್ದು ಅವಳ ಕಣ್ಣೆದುರಿಗೇ ಕಂಡಿತು. ಕೆಳಗೆ ಉಳುಮೆಯಾದ ಎರೆಭೂಮಿ, ಕರಿ ಕಂಬಳಿ ಹಾಸಿದ ಹಾಗೆ. ಚಕ್ರ ನೆಲಕ್ಕೆ ತಾಗಿ ಒಂದು ಹಿಡಿ ಹೊಗೆ ಎದ್ದಾಗ ನನ್ನ ಕೈ ಗಟ್ಟಿಯಾಗಿ ಹಿಡಿದು, "ಇಳಿದೆವೇನೋ?" ಎಂದಳು. ಹಿಂಬದಿಯ ನಾಲ್ಕು ಮೆಟ್ಟಿಲು ಇಳಿದು, ಸೆರಗು ಹೊದ್ದುಕೊಂಡು, ಗಾಳಿಯಲ್ಲಿ ಟರ್ಮಿನಲ್‌ವರೆಗೆ ತಾನೇ ನಡೆದಳು. ಆ ನಡಿಗೆಯನ್ನು ಯಾರಾದರೂ ಅವಮಾನ ಎಂದರೆ ನಾನು ಒಪ್ಪುವುದಿಲ್ಲ.

ಈಗ ಚರಿತ್ರೆ ನೋಡಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನ ಕಂಪನಿ ಆರಂಭಿಸಿದಾಗ ಅವರ ಬಳಿ ಇದ್ದದ್ದು ಯಾವ ವಿಮಾನ? ಎಟಿಆರ್ 42, ಇದೇ ಫ್ಯಾನಿನದು. ಅವರ ಮೊದಲ ಮಾರ್ಗಗಳಲ್ಲಿ ಒಂದು ಯಾವುದು? ಬೆಂಗಳೂರು–ಹುಬ್ಬಳ್ಳಿ! ಒಂದು ರೂಪಾಯಿಯ ಟಿಕೆಟ್ ಎಂದು ದೇಶವೆಲ್ಲ ಮಾತಾಡಿತು. ವಿಮಾನದ ಗುರುತಿಗೆ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಅದೇ ಚೌಕಳಿ ಕೋಟು ತೊಟ್ಟು ಕನ್ನಡಕ ಹಾಕಿದ ಮನುಷ್ಯ. ಮುಂದೆ 2007ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ಕೊಂಡಿತು. 2008ರಲ್ಲಿ ಹೆಸರೂ ಹೋಗಿ ಕಿಂಗ್‌ಫಿಷರ್ ರೆಡ್ ಆಯಿತು. 2011ರಲ್ಲಿ ಅಗ್ಗದ ಸೇವೆಯನ್ನೇ ಬಿಡುವುದಾಗಿ ಸಾರಿದರು. 2012ರಲ್ಲಿ ಇಡೀ ಕಂಪನಿ ನೆಲಕ್ಕೆ ಕೂತಿತು. ಬಣ್ಣ ಬದಲಾಯಿತು, ಹೆಸರು ಬದಲಾಯಿತು, ಶ್ರೀಸಾಮಾನ್ಯ ಮಾತ್ರ ಕೆಳಗೇ ಉಳಿದ. ಅವನನ್ನು ಕೆಳಗಿಳಿಸಿದ್ದು ಫ್ಯಾನ್ ಅಲ್ಲ, ದರ.

ಈ ಚಾನೆಲ್ಲಿಗೆ ಹೊಸದಾಗಿ ಬಂದವರು ಚಂದಾದಾರರಾಗಿ. ಧಾರವಾಡ, ಗದಗ, ಹಾವೇರಿಯ ಮಾತನ್ನು ಇಷ್ಟು ಹೊತ್ತು ಕೂತು ಆಡುವವರು ಬಹಳ ಇಲ್ಲ.

ಸರಿ, ಮುಖ್ಯ ವಿಷಯ. 80ಕ್ಕಿಂತ ಕಡಿಮೆ ಆಸನವಿರುವ ದೇಶೀಯ ವಿಮಾನಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ ಇಳಿಯುವ ಶುಲ್ಕವನ್ನೇ ಹಾಕುವುದಿಲ್ಲ. ಎಟಿಆರ್‌ನ ದೊಡ್ಡ ರೂಪವಾದ ಎಟಿಆರ್ 72ರ ಆಸನಗಳೂ 78ನ್ನು ಮೀರುವುದಿಲ್ಲ. 40 ಸಾವಿರ ಕಿಲೋಗಿಂತ ಹಗುರವಾದ ವಿಮಾನದ ಇಂಧನಕ್ಕೆ ರಾಜ್ಯಗಳು ಮನಬಂದಷ್ಟು ಮಾರಾಟ ತೆರಿಗೆ ಹೇರದಂತೆ ಕಾನೂನೇ ಮಿತಿ ಹಾಕಿದೆ. ಇಂಧನ ಕಡಿಮೆ, ತೆರಿಗೆಗೆ ಮಿತಿ, ಇಳಿಯುವ ಶುಲ್ಕ ಇಲ್ಲ. ಹಾಗಿದ್ದರೆ ಆ ಉಳಿತಾಯ ಎಲ್ಲಿಗೆ ಹೋಯಿತು? ನೀವು ಕೇಳಬೇಕಾದ ಪ್ರಶ್ನೆ ಇದು. ಫ್ಯಾನ್ ಏಕೆ ತಿರುಗುತ್ತದೆ ಎಂಬುದಲ್ಲ!

ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಮಿತಿ ಹಾಕಿದರು. ಸಂತೋಷ. ಆದರೆ ಅದು ಎಲ್ಲ ಆಸನಗಳಿಗೆ ಅಲ್ಲ, ಸಹಾಯಧನವೂ ಮೂರೇ ವರ್ಷ. ಆಮೇಲೆ ದರ ಕಂಪನಿಯ ಕಂಪ್ಯೂಟರಿನ ಕೈಗೆ. ಒಂದೇ ವಿಮಾನದ ಆಸನಗಳನ್ನು ದರದ ಬುಟ್ಟಿಗಳಾಗಿ ಹಂಚಿಟ್ಟಿರುತ್ತಾರೆ. ಅಗ್ಗದ ಬುಟ್ಟಿ ಖಾಲಿಯಾದಂತೆ ಮೇಲಿನದು ತೆರೆಯುತ್ತದೆ. ಹೋದ ವರ್ಷ ಸೋದರಮಾವನ ಆಸ್ಪತ್ರೆಯ ವಿಷಯಕ್ಕೆ ತುರ್ತಾಗಿ ಬೆಂಗಳೂರಿಗೆ ಹೊರಟೆ. ಬೆಳಗ್ಗೆ ನೋಡಿದಾಗ 3,600, ಸಂಜೆ ಹಣ ಕಟ್ಟುವಾಗ 8,100. ಪಕ್ಕದ ಸೀಟಿನ ಹುಡುಗ ಕೊಟ್ಟದ್ದು 2,900. ಅದೇ ಸಾಲು, ಅದೇ ಕಿಟಕಿ, ಅದೇ ನೀರಿನ ಲೋಟ.

ಬೇಡಿಕೆ ಇದ್ದಾಗ ಬೆಲೆ ಏರುತ್ತದೆ, ಇದು ಅರ್ಥಶಾಸ್ತ್ರ ಎಂದು ಪಾಠ ಹೇಳುವವರಿದ್ದಾರೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುವ ರೈತನಿಗೆ ಆ ಪಾಠ ನಿಮಗಿಂತ ಚೆನ್ನಾಗಿ ಗೊತ್ತಿದೆ. ಆದರೆ ಅಲ್ಲಿ ದರ ಎಲ್ಲರ ಕಣ್ಣೆದುರಿಗೆ ಫಲಕದ ಮೇಲೆ ಬೀಳುತ್ತದೆ. ಇಲ್ಲಿ ಯಾವ ಬುಟ್ಟಿಯಲ್ಲಿ ಎಷ್ಟಿದೆ ಎಂದು ಒಬ್ಬರಾದರೂ ಹೇಳುತ್ತಾರೆಯೇ? ದೊಡ್ಡ ವಿಮಾನ ಬಂದರೆ ದರ ತಾನೇ ಇಳಿಯುತ್ತದೆ ಎನ್ನುವವರಿಗೆ ಉತ್ತರಿಸಲು ನನಗೆ ತಾಳ್ಮೆ ಇಲ್ಲ. 180 ಸೀಟು ತುಂಬದಿದ್ದರೆ ದಿನಕ್ಕೆ ಮೂರು ಸಲ ಬರುವುದು ಒಂದು ಸಲಕ್ಕೆ ಇಳಿಯುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಆಗ ಗೋಕುಲ ರಸ್ತೆಯಲ್ಲಿ ನಿಂತು ಆಕಾಶ ನೋಡುತ್ತೀರಾ?

ವಿಮಾನ ಸಣ್ಣದಲ್ಲ, ದರ ದೊಡ್ಡದು. ಇನ್ನೂ ನೂರು ಸಲ ಹೇಳುತ್ತೇನೆ.

ಹುಬ್ಬಳ್ಳಿಯಿಂದ ಹಾರಿದವರೆಲ್ಲ ಕೆಳಗೆ ಮೂರು ವಿಷಯ ಬರೆಯಿರಿ. ಟಿಕೆಟ್ ಕಾಯ್ದಿರಿಸಿದ ದಿನ, ಹಾರಿದ ದಿನ, ಕೊಟ್ಟ ಹಣ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಂದೊಂದಾಗಿ ಓದುತ್ತೇನೆ. ಫ್ಯಾನ್ ಎಂದು ಬರೆದವರದ್ದನ್ನು ಮಾತ್ರ ಓದುವುದಿಲ್ಲ.