ಇಳಿಯಲೇಬೇಕೆಂಬ ಹಟ

ಶ್ರೋತೃಗಳಿಗೆ ನಮಸ್ಕಾರ.

ತರಬೇತಿ ವಿಮಾನವೊಂದು ರನ್‌ವೇ ದಾಟಿ ಹುಲ್ಲಿಗೆ ನುಗ್ಗಿತು ಎಂದಿಟ್ಟುಕೊಳ್ಳಿ. ಮರುದಿನದ ಸುದ್ದಿಯಲ್ಲಿ ಎರಡೇ ಪದ ಇರುತ್ತವೆ: ‘ಪೈಲಟ್ ತಪ್ಪು’. ಯಾವ ತಪ್ಪು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮೂವತ್ತು ವರ್ಷ ಹುಡುಗ ಹುಡುಗಿಯರಿಗೆ ವಿಮಾನ ಹಾರಿಸಲು ಕಲಿಸಿದವನು ನಾನು. ಇವತ್ತು ಒಂದೇ ತಪ್ಪಿನ ವಿಷಯ ಹೇಳುತ್ತೇನೆ. ಅದು ಇಳಿಯಲೇಬೇಕೆಂಬ ಹಟ. ಸರಿಯಾಗಿ ಬರುತ್ತಿಲ್ಲ ಎಂದು ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಇಳಿಸಲು ಹೋಗುತ್ತಾರೆ. ಆಗ ಮಾಡಬೇಕಾದದ್ದು ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೇಲಕ್ಕೆ ಹೋಗಿ, ಒಂದು ಸುತ್ತು ಹಾಕಿ, ಮತ್ತೆ ಬರುವುದು. ನಾವು ಅದಕ್ಕೆ ‘ಗೋ ಅರೌಂಡ್’ ಎನ್ನುತ್ತೇವೆ.

ನಾನು ಕಲಿತದ್ದು ಬೆಂಗಳೂರಿನಲ್ಲೇ ಎಚ್‌ಎಎಲ್ ಕಟ್ಟಿದ ಪುಷ್ಪಕ್ ವಿಮಾನದಲ್ಲಿ. ಬಟ್ಟೆ ಹೊದಿಸಿದ ರೆಕ್ಕೆ, ಪಕ್ಕಪಕ್ಕದಲ್ಲಿ ಎರಡು ಸೀಟು. ಎಂಥ ಚೆಂದದ ವಿಮಾನ ಅದು! ‘ಪ್ರತಿ ಸಲವೂ ಮೇಲೆ ಹೋಗಲು ಸಿದ್ಧನಾಗಿಯೇ ಇಳಿಯಲು ಬಾ’ ಎಂದು ನನ್ನ ಗುರುಗಳು ಹೇಳುತ್ತಿದ್ದರು. ಅದನ್ನೇ ನಾನೂ ಹೇಳುತ್ತಾ ಬಂದೆ.

ಲೆಕ್ಕ ಸರಳವಾಗಿದೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ತರಬೇತಿ ವಿಮಾನ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ರನ್‌ವೇಗೆ ಬರಬೇಕು. 75ರಲ್ಲಿ ಬಂದರೆ ಹತ್ತೇ ನಾಟ್ ಜಾಸ್ತಿ ಅನ್ನಿಸುತ್ತದೆ. ಆದರೆ ನಿಲ್ಲಿಸಬೇಕಾದ ಶಕ್ತಿ ಮೂರರಲ್ಲಿ ಒಂದು ಪಾಲು ಹೆಚ್ಚಾಗಿರುತ್ತದೆ. ಆಗ ವಿಮಾನ ನೆಲ ಮುಟ್ಟುವುದಿಲ್ಲ, ಆಳೆತ್ತರದಲ್ಲಿ ತೇಲುತ್ತಲೇ ಹೋಗುತ್ತದೆ. ತೇಲಿದ ಪ್ರತಿ ಸೆಕೆಂಡಿಗೂ 30 ಮೀಟರ್ ರನ್‌ವೇ ಹಿಂದೆ ಬೀಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ಇಲ್ಲಿನ ಗಾಳಿ 6,000 ಅಡಿಯ ಗಾಳಿಯಷ್ಟು ತೆಳುವಾಗಿರುತ್ತದೆ. ಎಂಜಿನ್ ಸೊರಗುತ್ತದೆ, ಏರುವುದು ನಿಧಾನವಾಗುತ್ತದೆ. ಆದ್ದರಿಂದ ಮೇಲೆ ಹೋಗುವ ನಿರ್ಧಾರವನ್ನು ಬೇಗ ಮಾಡಬೇಕು.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹಾವೇರಿ ಕಡೆಯವನು. ಮೊದಲ ಬಾರಿ ಒಬ್ಬನೇ ಹಾರಲು ಅವನನ್ನು ಬಿಡಬಹುದೇ ಎಂದು ನಾನು ನೋಡಬೇಕಾಗಿದ್ದ ದಿನ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಜಮೀನು ಅಡವಿಟ್ಟು ಸಾಲ ತೆಗೆದಿದ್ದ ಅವನ ತಂದೆ, ಕೈಯಲ್ಲಿ ಬುತ್ತಿಯ ಗಂಟು ಹಿಡಿದುಕೊಂಡು ಬೇಲಿಯ ಆಚೆ ನಿಂತಿದ್ದರು. ಹುಡುಗ ಅವರನ್ನು ಮೇಲಿನಿಂದಲೇ ನೋಡಿಬಿಟ್ಟಿದ್ದ.

ಬಂದದ್ದು ಎತ್ತರದಲ್ಲಿ, ಬಂದದ್ದು ವೇಗದಲ್ಲಿ. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದೆ. ರನ್‌ವೇ ಮೇಲೆ ತೇಲಿದೆವು. ಒಂದು, ಎರಡು, ಮೂರು, ನಾಲ್ಕು. ಥ್ರಾಟಲ್, ಅಂದರೆ ಎಂಜಿನ್ ಶಕ್ತಿಯನ್ನು ಏರಿಸುವ ಇಳಿಸುವ ಹಿಡಿಯನ್ನು ಹಿಡಿದಿದ್ದ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ವಿಮಾನ ಇಳಿಯಲೊಲ್ಲದು ಎಂದು ಕಂಡಾಗ ಅವನು ಚುಕ್ಕಾಣಿಯನ್ನು ಮುಂದಕ್ಕೆ ಒತ್ತಿಬಿಟ್ಟ. ಮುಂಚಕ್ರ ಮೊದಲು ನೆಲಕ್ಕೆ ಬಡಿಯಿತು. ವಿಮಾನ ಚೆಂಡಿನಂತೆ ಪುಟಿಯಿತು. ಅವನು ಮತ್ತೆ ಒತ್ತಿದ, ಅದು ಇನ್ನೂ ಎತ್ತರಕ್ಕೆ ಪುಟಿಯಿತು. ಮೂರನೆಯ ಸಲಕ್ಕೆ ಮುಂಚಕ್ರ ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗುವುದನ್ನು ನಾನು ಬೇರೆಯವರ ವಿಷಯದಲ್ಲಿ ಕಂಡಿದ್ದೇನೆ. ಮೂರನೆಯದಕ್ಕೆ ಕಾಯಲಿಲ್ಲ. ‘ಬಿಡು’ ಎಂದು ಹೇಳಿ ಥ್ರಾಟಲ್ ಪೂರ್ತಿ ಒತ್ತಿದೆ, ಮೂತಿಯನ್ನು ಸಮನಾಗಿ ಹಿಡಿದೆ, ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಫ್ಲ್ಯಾಪ್‌ಗಳನ್ನು ಹಂತಹಂತವಾಗಿ ಎತ್ತಿದೆ. ಒಮ್ಮೆಲೇ ಎತ್ತಿದರೆ ವಿಮಾನ ಕುಸಿಯುತ್ತದೆ, ಕಲಿಯುತ್ತಿರುವವರು ಇದನ್ನು ನೆನಪಿಡಬೇಕು.

ಸುತ್ತು ಹಾಕುವಾಗ ಅವನು ಮೆಲ್ಲಗೆ ಹೇಳಿದ: ‘ಸರ್, ಅಪ್ಪ ನೋಡುತ್ತಿದ್ದಾರೆ.’

‘ನೋಡಲಿ ಬಿಡಪ್ಪಾ. ಈಗ ನೀನೇ ಹಾರಿಸು’ ಎಂದೆ.

ಎರಡನೆಯ ಸಲ ವೇಗ ಸರಿಯಾಗಿತ್ತು, ಆದರೆ ಅಡ್ಡಗಾಳಿಗೆ ವಿಮಾನ ರನ್‌ವೇಯ ನಡುಗೆರೆಯಿಂದ ಎಡಕ್ಕೆ ಸರಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನೆಲ ಇನ್ನೂ ಐವತ್ತು ಅಡಿ ಕೆಳಗಿರುವಾಗ ಅವನೇ ಥ್ರಾಟಲ್ ಒತ್ತಿದ, ಅವನೇ ಮೇಲಕ್ಕೆ ಹೋದ. ಮೂರನೆಯ ಸಲ ಇಳಿಸಿದ. ನಾನು ಬಾಗಿಲು ತೆಗೆದು ಇಳಿದು, ‘ಇನ್ನು ಒಬ್ಬನೇ ಹೋಗಿ ಬಾ’ ಎಂದೆ.

ತಂದೆ ಬೇಲಿಯ ಹತ್ತಿರ ಗಾಬರಿಯಿಂದ ಕೇಳಿದರು: ‘ಸ್ವಾಮಿ, ಎರಡು ಸಲ ತಪ್ಪು ಮಾಡಿದನಲ್ಲ, ಆದರೂ ಒಬ್ಬನನ್ನೇ ಕಳಿಸಿದಿರಾ?’

‘ತಪ್ಪು ಮಾಡಿದ್ದು ಒಂದೇ ಸಲ ಯಜಮಾನರೇ. ಎರಡನೆಯದನ್ನು ನೋಡಿಯೇ ಅವನನ್ನು ಕಳಿಸಿದ್ದು’ ಎಂದೆ.

ದೊಡ್ಡ ವಿಮಾನಕ್ಕೂ ಇದೇ ನಿಯಮ. 2010ರ ಮೇ 22ರಂದು ಮಂಗಳೂರಿನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೊಂದು ರನ್‌ವೇ ದಾಟಿ ಬಿದ್ದು 158 ಜನ ಸತ್ತರು. ಆ ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಬಂತು. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಎಂದು ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿಯಷ್ಟು ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕ್ ಹಾಕಿ ಓಡುತ್ತಿರುವಾಗ ಮತ್ತೆ ಏರಲು ನೋಡಿದರು, ಹೊತ್ತು ಮೀರಿತ್ತು. ಆ ಮೂರು ಮಾತುಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅನುಭವವಿದ್ದವರಿಗೇ ಈ ಹಟ ಜಾಸ್ತಿ.

ಸಮಯ ಮುಗಿಯುತ್ತಾ ಬಂತು. ನೆಲದ ಮೇಲೆ ಓಡಾಡುವಾಗಿನ ತಪ್ಪಿನ ಬಗ್ಗೆ ಎರಡು ಮಾತು. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್‌ನಲ್ಲಿ, ಲಿನಾಟೆ ನಿಲ್ದಾಣದಲ್ಲಿ, ದಟ್ಟ ಮಂಜಿನ ನಡುವೆ ಸಣ್ಣ ಸೆಸ್ನಾ ಜೆಟ್ ಒಂದು ಹೇಳಿದ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿದು ರನ್‌ವೇಗೆ ಬಂದುಬಿಟ್ಟಿತು. ಮೇಲೇರುತ್ತಿದ್ದ ಪ್ರಯಾಣಿಕ ವಿಮಾನ ಅದಕ್ಕೆ ಡಿಕ್ಕಿ ಹೊಡೆಯಿತು. ಸತ್ತವರು 118. ನೀವು ಎಲ್ಲಿದ್ದೀರಿ ಎಂಬ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ನಿಲ್ಲಿ, ರೇಡಿಯೋದಲ್ಲಿ ಕೇಳಿ. ಮುಂದೆ ಹೋಗಲೇಬೇಕೆಂಬುದೂ ಅದೇ ಹಟ.

ತಂದೆ ತಾಯಂದಿರೇ, ಮಗಳು ಫೋನ್ ಮಾಡಿದಾಗ ‘ಇನ್ನೂ ಒಬ್ಬಳೇ ಹಾರಿಲ್ಲವಾ?’ ಎಂದು ದಯವಿಟ್ಟು ಕೇಳಬೇಡಿ. ‘ಇವತ್ತು ಎಷ್ಟು ಸಲ ಇಳಿಯದೆ ಮೇಲೆ ಹೋದೆ?’ ಎಂದು ಕೇಳಿ.

ಇನ್ನು ಜಕ್ಕೂರು, ಬೆಳಗಾವಿ, ಕಲಬುರಗಿಯಂಥ ಕಡೆ ರನ್‌ವೇಗಳ ಹತ್ತಿರ ಮನೆ, ಅಂಗಡಿ ಇರುವವರಲ್ಲಿ ಒಂದು ಬೇಡಿಕೆ. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯಬಾರದೆಂದು ಕಾನೂನೇ ಇದೆ. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಮೂಟೆ ಮೂಟೆಯಾಗಿ ಬಯಲಿಗೆ ಬೀಳುತ್ತದೆ, ಅದರ ಮೇಲೆ ಹದ್ದುಗಳು ಸುತ್ತುತ್ತವೆ. ಸರಿಯಾಗಿ ನಿರ್ಧರಿಸಿ ಮೇಲಕ್ಕೆ ಹೋಗುವ ಮಗುವಿಗೆ ಅಲ್ಲಿ ಖಾಲಿ ಆಕಾಶ ಬೇಕು. ನಾಳೆಯಿಂದಲೇ ಆ ಮೂಟೆಗಳನ್ನು ಕಸದ ಗಾಡಿಗೆ ಕೊಡಿ.

ನಮಸ್ಕಾರ.